ಹೂವಿನವ್ವನ ಪೀಠದ ಮೇಲೆ ಒಂದು ಹಿಡಿ ರಾಗಿ

"ನಮ್ಮ ಹೂವಿನವ್ವ ಕಳುವಾಗವ್ಳೆ ಸ್ವಾಮಿ. ನಮ್ಮಪ್ಪನೇ ಕಳ್ಳ ಅಂತಾವ್ರೆ. ನಾಳೆ ಹತ್ತು ಗಂಟೆ ಒಳಗೆ ಅವ್ವ ಸಿಗ್ದಿದ್ರೆ ಪೊಲೀಸ್ನೋರು ಬೇಡಿ ಹಾಕಿ ಕರ್ಕೊಂಡು ಹೋಗ್ತಾರಂತೆ."

ಕಡೂರು ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ನಮ್ಮ ಸಾಹೇಬರ ಜಗಲಿಯ ಮೇಲೆ ಕೂತು ಆ ಹೆಂಗಸು ಇಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಸುಮಾರು ಇಪ್ಪತ್ತೈದರ ವಯಸ್ಸು, ಹೆಸರು ವಿಶಾಲಾಕ್ಷಮ್ಮ. ಬುಕ್ಕಾಂಬುಧಿಯಿಂದ ಎರಡು ಮೈಲಿ ಆಚೆಗಿನ ಮುತ್ತುಗದಹಳ್ಳಿಯ ಪೂಜಾರಿ ರಂಗಯ್ಯನ ಒಬ್ಬಳೇ ಮಗಳು. ಬೆಳಗಿನ ಗಾಡಿಗೆ ಅಜ್ಜಂಪುರದಲ್ಲಿ ಹತ್ತಿ ಬಂದಿದ್ದಳು. ನೀರು ಕೊಡಲು ಹತ್ತಿರ ಹೋದಾಗ ಅವಳ ಸೀರೆಯಿಂದ ಹಳೇ ರಾಗಿಯ ಮುಗ್ಗಲು ವಾಸನೆ ಬಂತು. ಪಾಪ, ಬಡವರ ಮನೆ ಎಂದುಕೊಂಡೆ.

ನಮ್ಮ ಸಾಹೇಬರೆಂದರೆ ನಂಜುಂಡಪ್ಪನವರು. ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು, ಸೇರು ಹೋಗಿ ಕಿಲೋ ಬಂದ ವರ್ಷವೇ ನಿವೃತ್ತರಾದವರು. ನಾನು ಬೀರಯ್ಯ, ಹದಿನೆಂಟು ವರ್ಷ ಅವರ ತೂಕದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವನು. ಅವರ ಜೊತೆಗೇ ನಾನೂ ಕೆಲಸ ಬಿಟ್ಟೆ. ಪೆಟ್ಟಿಗೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ತಕ್ಕಡಿಯಲ್ಲಿ ಕಾಳಿನಷ್ಟು ಮೋಸವಿದ್ದರೂ ಹಿಡಿಯುತ್ತಿದ್ದ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರುವುದುಂಟೇ? ಸುತ್ತಮುತ್ತ ಏನು ಕಳುವಾದರೂ ಜನ ಹುಡುಕಿಕೊಂಡು ಬರುತ್ತಿದ್ದರು.

ಹೂವಿನವ್ವನನ್ನು ನಾವಿಬ್ಬರೂ ಬಲ್ಲೆವು. ನನಗಿಂತ ಹೆಚ್ಚಾಗಿ ನನ್ನ ಸೊಂಟ ಬಲ್ಲದು. ನಲವತ್ತೆಂಟನೇ ಇಸವಿಯಲ್ಲಿ ದೇವಸ್ಥಾನದ ಸಾಮಾನಿನ ಪಟ್ಟಿ ಮಾಡುವಾಗ ಅವಳನ್ನು ದೊಡ್ಡ ತಕ್ಕಡಿಗೆ ಎತ್ತಿ ಕೂರಿಸಿದವನು ನಾನೇ. ಒಂದೂವರೆ ಮೊಳದ ಕಂಚಿನ ಹೆಂಗಸು. ಒಳಗೆ ಪೊಳ್ಳಿಲ್ಲದ ಗಟ್ಟಿ ಎರಕ. ಮೂರು ಮಣ ಎರಡು ಸೇರು. ಈಗಿನ ಲೆಕ್ಕದಲ್ಲಿ ಸುಮಾರು ಮೂವತ್ತನಾಲ್ಕು ಕಿಲೋ. ಕಿರೀಟವಿಲ್ಲ, ನಾಲ್ಕು ಕೈಯಿಲ್ಲ, ಆಯುಧವಿಲ್ಲ. ಸಾದಾ ಸೀರೆ, ಗಂಟು ಹಾಕಿದ ತುರುಬು. ಬಲಗೈ ಮುಂದಕ್ಕೆ ಬಂದು, ಬೆರಳು ಮಡಿಸಿ ಏನನ್ನೋ ಹಿಡಿದಂತಿದೆ, ಆದರೆ ಒಳಗೆ ಏನೂ ಇಲ್ಲ. ದಿನಾ ಬೆಳಿಗ್ಗೆ ಆ ಕೈಗೆ ಒಂದು ಹೂವು ಸಿಕ್ಕಿಸುತ್ತಾರೆ. ಅದರ ಮೇಲಿಂದಲೇ ಆ ಹೆಸರು.

"ಪೂರ್ತಿ ಹೇಳಮ್ಮ," ಎಂದರು ಸಾಹೇಬರು.

ಅವಳು ಹೇಳಿದ್ದು ಇಷ್ಟು. ಅವ್ವನ ಫೋಟೋ ನೋಡಿ ಬೆಂಗಳೂರಿನ ಒಂದು ಮ್ಯೂಸಿಯಂನವರು ಮನಸೋತಿದ್ದರು. ಇಂಥ ವಿಗ್ರಹ ಹಳ್ಳಿಯಲ್ಲಿರಬಾರದು, ನಾಡೆಲ್ಲ ನೋಡಬೇಕು ಎಂದು ಪತ್ರ ಬರೆದರು. ಪಟೇಲ ಹನುಮಂತಪ್ಪ ಊರಿಗೆ ಹೆಸರು ಬರುತ್ತದೆಂದು ಹಿಗ್ಗಿ ಒಪ್ಪಿಗೆಗೆ ರುಜು ಹಾಕಿದ. ಸೋಮವಾರ ಬೆಳಿಗ್ಗೆ ಜೀಪು ಬರುವುದಿತ್ತು. ಜೀಪಿಗೆ ದಾರಿ ಬೇಕಲ್ಲ. ಶನಿವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಗುದ್ದಲಿ ಹಿಡಿದು ಬುಕ್ಕಾಂಬುಧಿ ಕಡೆಯ ಗಾಡಿಜಾಡು ಸರಿಮಾಡಲು ಹೋಗಿದ್ದರು. ಸಂಜೆ ರಂಗಯ್ಯ ದೀಪ ಹಚ್ಚಲು ಗುಡಿಗೆ ಹೋದರೆ ಪೀಠ ಖಾಲಿ. ಬೀಗ ಒಡೆದಿರಲಿಲ್ಲ.

"ಬೀಗದಕೈ?"

"ನಮ್ಮನೆ ಬಾಗ್ಲು ಆಚೆ ಮೊಳೇಲಿ ನೇತಾಡ್ತಿರ್ತದೆ. ಗುಡಿ ಗುಡಿಸೋಕೆ ಹೋಗೋರೆಲ್ಲ ತಗಂಡೋಗ್ತಾರೆ."

"ನಿಮ್ಮಪ್ಪನೂ ದಾರಿ ಕೆಲಸಕ್ಕೆ ಹೋಗಿದ್ದರೇ?"

"ಅವತ್ತೇ ಮಂಡಿನೋವು ಬರಬೇಕಾ? ಮನೇಲೇ ಮಲಗಿದ್ರು. ಊರಾಗೆ ಇದ್ದ ಒಬ್ನೇ ಒಬ್ಬ ಗಂಡ್ಸು ಅವರೇ." ಅವಳ ಕಣ್ಣಲ್ಲಿ ನೀರು ಬಂತು. "ಮೊದ್ಲೇ ಎಲ್ಲರ ಮುಂದೆ 'ಅವ್ವನ್ನ ಒಯ್ಯೋದಾದ್ರೆ ನನ್ನ ಹೆಣದ ಮೇಲೆ ಒಯ್ಯಿರಿ' ಅಂದಿದ್ರು. ಸಾಲ್ದಾ?"

ಸಾಹೇಬರು ಅವಳನ್ನೇ ದಿಟ್ಟಿಸಿ ನೋಡಿದರು. "ಲಾಯರ ಹತ್ತಿರ ಹೋಗದೆ ನನ್ನ ಹತ್ತಿರ ಯಾಕೆ ಬಂದೆಯಮ್ಮ?"

"ಲಾಯರು ವಾದ ಮಾಡ್ತಾರೆ. ನೀವು ಕಂಡುಹಿಡೀತೀರಂತೆ. ನನಗೆ ಕಂಡುಹಿಡಿಯೋರು ಬೇಕು ಸ್ವಾಮಿ."

"ಬೀರ, ಪೆಟ್ಟಿಗೆ ತಗೋ," ಎಂದರು ಸಾಹೇಬರು. ನನ್ನ ಸೊಂಟ ಆಗಲೇ ಅಳತೊಡಗಿತು.

ಮುತ್ತುಗದಹಳ್ಳಿ ಮುಟ್ಟುವಾಗ ಭಾನುವಾರದ ಹೊತ್ತು ಇಳಿದಿತ್ತು. ಚಾವಡಿಯ ಮುಂದೆ ಗಂಡಸರು ಸೂತಕದ ಮನೆಯವರಂತೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು, ಬಾವಿಕಟ್ಟೆಯಲ್ಲಿ ಎಂದಿನಂತೆ ಕೊಡ ತಿಕ್ಕುತ್ತಿದ್ದರು. ಸದ್ಯ, ಇವರಿಗಾದರೂ ಧೈರ್ಯವಿದೆಯಲ್ಲ ಎಂದು ನಾನು ಮೆಚ್ಚಿಕೊಂಡೆ. ಸಾಹೇಬರು ಬಾವಿಕಟ್ಟೆಯ ಕಡೆ ಎರಡು ಸಲ ತಿರುಗಿ ನೋಡಿದರು.

ಸಬ್ ಇನ್‌ಸ್ಪೆಕ್ಟರು ಪಟೇಲನ ಮನೆಯ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಿ, ಜಗಲಿಯ ಮೇಲೆ ಎಳನೀರು ಕುಡಿಯುತ್ತಿದ್ದರು. ಚಿಕ್ಕ ವಯಸ್ಸು, ಒರಟಲ್ಲ, ಅವಸರ ಜಾಸ್ತಿ. "ಕೇಸು ಮುಗೀತು ಸಾರ್," ಎಂದರು. "ಬೀಗದಕೈ ಪೂಜಾರಿ ಮನೇದು. ಊರಲ್ಲಿದ್ದ ಗಂಡಸು ಅವನೊಬ್ಬನೇ. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇದೆ. ಅವನ ಕೂಗು ಕೇಳಿ ಜನ ಓಡಿ ಬಂದಾಗ ಗುಡಿಯಲ್ಲಿ ದೀಪ ಹಚ್ಚಿತ್ತು. ದೇವರು ಕಳುವಾಗಿದ್ದು ಕಂಡವನು ಮೊದಲು ಕೂಗುತ್ತಾನೋ, ನಿಧಾನಕ್ಕೆ ಬತ್ತಿ ಹೊಸೆದು ದೀಪ ಹಚ್ಚುತ್ತಾನೋ?"

"ಒಳ್ಳೆ ಪ್ರಶ್ನೆ," ಎಂದು ಸಾಹೇಬರು ಗುಡಿಗೆ ನಡೆದರು.

ಗುಡಿ ಚಿಕ್ಕದು. ಖಾಲಿ ಪೀಠದ ನಡುಮಧ್ಯೆ ಒಂದು ಹಿಡಿ ರಾಗಿ ಗುಪ್ಪೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲು, ಬಟ್ಟಲಲ್ಲಿ ನೀರು, ನೀರಲ್ಲಿ ಶನಿವಾರದ ಸೇವಂತಿಗೆ. ಬಾಗಿಲ ದಾರಂದದ ಒರಟು ಕಲ್ಲಿಗೆ ಕಪ್ಪು ಉಣ್ಣೆಯ ನಾಲ್ಕಾರು ಎಳೆ ಸಿಕ್ಕಿಕೊಂಡಿದ್ದವು.

"ಇಲಿ ತಂದು ಹಾಕಿದ ರಾಗಿ," ಎಂದರು ಸಬ್ ಇನ್‌ಸ್ಪೆಕ್ಟರು.

ಸಾಹೇಬರು ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ ಮೂಸಿ, ನನ್ನ ಮೂಗಿಗೂ ಹಿಡಿದರು. ಆ ಮುಗ್ಗಲು ವಾಸನೆ ಬೆಳಗಿನಿಂದ ನನ್ನ ಮೂಗಿನಲ್ಲೇ ಇತ್ತು. ಎಲ್ಲಿಯದೆಂದು ಮಾತ್ರ ಹೊಳೆಯಲಿಲ್ಲ. ವಯಸ್ಸಾದರೆ ಮೂಗಿಗೂ ಮರೆವು.

ಚಾವಡಿಯ ಮೂಲೆಯಲ್ಲಿ ರಂಗಯ್ಯನನ್ನು ಕೂರಿಸಿದ್ದರು. ಅರವತ್ತು ದಾಟಿದ ಬಡಕಲು ಮನುಷ್ಯ. ಮಗಳು ಎದುರಿಗೆ ನಿಂತರೂ ತಲೆಯೆತ್ತಲಿಲ್ಲ.

"ರಂಗಯ್ಯನವರೇ, ಅವ್ವ ಎಂದಾದರೂ ಗುಡಿಯಿಂದ ಹೊರಗೆ ಬರುವುದುಂಟೇ?"

"ಯುಗಾದಿ ಹಿಂದಿನ ದಿನ, ವರ್ಸಕ್ಕೊಂದ್ಸಲ. ಹೆಂಗಸ್ರೇ ಬಾವಿಕಟ್ಟೆಗೆ ಒಯ್ದು ಹುಣಸೇಹಣ್ಣು ಹಾಕಿ ತೊಳೀತಾರೆ. ಅವತ್ತು ಗಂಡಸ್ರು ಆ ಕಡೆ ತಲೆ ಹಾಕಂಗಿಲ್ಲ. ನಾನೂ ಅಷ್ಟೇ."

"ಅವ್ವ ಬಾವಿಕಟ್ಟೆಯಲ್ಲಿರುವಾಗ ಪೀಠದ ಮೇಲೆ ಏನಿರುತ್ತದೆ?"

ರಂಗಯ್ಯ ಊದಿದ ಮಂಡಿ ನೀವಿಕೊಂಡ. "ನನಗೇನು ಗೊತ್ತು ಸ್ವಾಮಿ. ನಾನು ಕಂಡಿಲ್ಲ."

"ಶನಿವಾರ ದೀಪ ಯಾಕೆ ಮೊದಲು ಹಚ್ಚಿದಿರಿ?"

"ಅಭ್ಯಾಸ," ಎಂದ ಅವನು.

ಆಮೇಲೆ ಸಾಹೇಬರು ಪಟೇಲನ ಮನೆಯ ಜಗಲಿಗೆ ಬಂದು ಕೂತರು. ಅಲ್ಲಿ ರಾಗಿಯ ಮೂಟೆಗಳು ಸಾಲಾಗಿ ಬಿದ್ದಿದ್ದವು. ಪಟೇಲನ ಹೆಂಡತಿ ಜಯಲಕ್ಷ್ಮಮ್ಮ ಎಳನೀರು ತಂದುಕೊಟ್ಟರು.

"ಈಗ ತಾನೇ ಕಣ ಮುಗಿದಿದೆ. ಹೊಸ ರಾಗಿಯೇನಮ್ಮ?"

"ಅಲ್ಲ ಕಣ್ರೀ, ಮೂರು ವರ್ಸದ್ದು. ಆಫೀಸರು ಬತ್ತಾರಲ್ಲ, ಹೊಸ ರಾಗಿ ಮುದ್ದೆ ಅಂಟಂಟು. ಅದಕ್ಕೇ ನೆಲದಾಗೆ ಕಾಳು ತುಂಬಿಟ್ಟಿದ್ದ ಹಗೇವು ತೆಗೆಸಿದ್ವಿ. ಗುರುವಾರ ಬಾಯಿ ಬಿಚ್ಚಿ ಗಾಳಿ ಆಡಕ್ಕೆ ಬಿಟ್ಟು, ಶುಕ್ರವಾರ ಎಲ್ಲಾ ತೆಗೆದದ್ದಾಯ್ತು."

"ಹಗೇವು ಎಲ್ಲಿದೆ?"

ಜಯಲಕ್ಷ್ಮಮ್ಮ ಅಂಗಳದ ಕಡೆ ಗಲ್ಲ ತೋರಿಸಿದರು. ಸಬ್ ಇನ್‌ಸ್ಪೆಕ್ಟರ ಮೋಟಾರ್ ಸೈಕಲ್ ನಿಂತಿದ್ದ ಕಡೆ ನೆಲದಲ್ಲಿ ದುಂಡಗೆ ಹೊಸ ಕೆಮ್ಮಣ್ಣು ಮೆತ್ತಿತ್ತು.

"ದನಗಿನ ಬಿದ್ದಾವು ಅಂತ ಮುಚ್ಚಿದ್ವಿ," ಎಂದರು ಅವರು, ಕೇಳದಿದ್ದರೂ. ಸಾಹೇಬರು ತಲೆಯಾಡಿಸಿ ಎಳನೀರು ಮುಗಿಸಿದರು. ಚಾವಡಿಯಲ್ಲಿ ನನ್ನ ಪಕ್ಕ ಮಲಗುವಾಗ ಇಷ್ಟೇ ಅಂದರು: "ಬೀರ, ಇದು ಕಳ್ಳತನವೇ ಅಲ್ಲ ಕಣೋ. ಆದರೆ ಅದನ್ನು ಹೇಳಬೇಕಾದವರು ಹೇಳಲಾರರು. ನಾವೇ ಹೇಳಬೇಕು."

ಸೋಮವಾರ ಒಂಬತ್ತೂವರೆಗೆ ಜೀಪು ಬಂತು. ಮ್ಯೂಸಿಯಂ ಸಾಹೇಬರು ಕನ್ನಡಕದ ಸೌಮ್ಯ ಮನುಷ್ಯ. ಕಳುವಿನ ಸುದ್ದಿ ಕೇಳಿ ನಿಂತಲ್ಲೇ ಕುಸಿದುಬಿಟ್ಟರು. ಊರೆಲ್ಲ ಪಟೇಲನ ಅಂಗಳದಲ್ಲಿ ಸೇರಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ ಗೋಡೆಯ ಬದಿಗೆ. ರಂಗಯ್ಯ ಕಾನ್‌ಸ್ಟೇಬಲ್ ಪಕ್ಕದಲ್ಲಿದ್ದ. ಕಾನ್‌ಸ್ಟೇಬಲ್ ಕೈಯಲ್ಲಿ ಬೇಡಿ ಇತ್ತು.

"ಹತ್ತು ನಿಮಿಷ ಕೊಡಿ," ಎಂದು ನಮ್ಮ ಸಾಹೇಬರು ಎದ್ದು ನಿಂತರು.

"ನಾನು ತೂಕದ ಮನುಷ್ಯ. ಅಲ್ಲಿಂದಲೇ ಶುರುಮಾಡುತ್ತೇನೆ. ಅವ್ವ ಮೂರು ಮಣ ಎರಡು ಸೇರು. ಮಂಡಿ ಊದಿದ ರಂಗಯ್ಯ ಅವಳನ್ನು ಒಬ್ಬನೇ ಎತ್ತಿ ಹೊಸ್ತಿಲು ದಾಟಿಸಲಾರ. ನೆಲದ ಮೇಲೆ ಎಳೆದ ಗೆರೆಯೂ ಇಲ್ಲ. ಬಾಗಿಲಿಗೆ ಕಂಬಳಿಯ ಎಳೆ ಸಿಕ್ಕಿದೆ. ಕಂಬಳಿ ಹಾಸಿ ಅವ್ವನನ್ನು ಮಲಗಿಸಿ, ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದು ಎತ್ತಿದ್ದಾರೆ. ಅಂದರೆ ಕಡಿಮೆಯೆಂದರೂ ನಾಲ್ವರು. ಆ ಮಧ್ಯಾಹ್ನ ಊರಿನ ಗಂಡಸರೆಲ್ಲ ದಾರಿಯಲ್ಲಿದ್ದರು. ಊರಲ್ಲಿ ಉಳಿದಿದ್ದವರು ಯಾರು?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಯ ಬದಿಯಲ್ಲಿ ಯಾರೂ ಅಲುಗಲಿಲ್ಲ.

"ಎರಡನೆಯದು ಪೀಠ. ಕದಿಯಲು ಬಂದವನು ಹೂವನ್ನು ನೀರಿಗೆ ಹಾಕಿ ಕಾಪಾಡುವುದಿಲ್ಲ. ಇಲಿ ರಾಗಿಯನ್ನು ಚೆಲ್ಲುತ್ತದೆ, ಗುಪ್ಪೆ ಹಾಕುವುದಿಲ್ಲ. ನಮ್ಮ ಮನೆಗಳಲ್ಲಿ ಕಣಜ ತೆಗೆದರೂ ಒಂದು ಹಿಡಿ ಕಾಳು ಒಳಗೆ ಬಿಡುತ್ತೇವೆ, ಯಾಕೆ? ಬರಿದಾಗಬಾರದು ಅಂತ. ತಿರುಗಿ ತುಂಬಲಿ ಅಂತ. ಒಯ್ದವರು ಅವ್ವ ಇಲ್ಲಿಗೇ ವಾಪಸ್ ಬರಲಿ ಎಂದು ಬೇಡಿಕೊಂಡು ಒಯ್ದಿದ್ದಾರೆ. ನಿನ್ನೆ ಬಂದಾಗ ನೋಡಿದೆ, ಗಂಡಸರು ಸೂತಕ ಹಿಡಿದು ಕೂತಿದ್ದರು, ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು. ನಿಜವಾಗಿ ಅವ್ವ ಹೋಗಿದ್ದರೆ ಮೊದಲು ಅಳು ಕೇಳಬೇಕಾಗಿದ್ದು ಬಾವಿಕಟ್ಟೆಯಲ್ಲಿ."

"ಏನ್ ಹೇಳ್ತಾ ಇದೀರಿ ನೀವು?" ಎಂದ ಪಟೇಲ ಹನುಮಂತಪ್ಪ. ಧ್ವನಿ ಸಣ್ಣದಾಗಿತ್ತು.

"ಇನ್ನೊಂದೇ ಮಾತು ಪಟೇಲರೇ. ಆ ರಾಗಿ ಹೊಸತಲ್ಲ, ಹಗೇವಿನದು, ವಾಸನೆಯೇ ಹೇಳುತ್ತದೆ. ವಿಚಾರಿಸಿದೆ, ಈ ತಿಂಗಳು ಊರಲ್ಲಿ ತೆಗೆದ ಹಗೇವು ನಿಮ್ಮದೊಂದೇ. ಹಗೇವು ತೆಗೆದರೆ ಪೂರ್ತಿ ತೆಗೆಯಬೇಕು, ಅರ್ಧ ಬಿಟ್ಟರೆ ಕಾಳು ಕೆಡುತ್ತದೆ. ನಿಮ್ಮ ಮನೆಯವರು ಪೂರ್ತಿ ತೆಗೆದಿದ್ದಾರೆ, ಮೂಟೆಗಳು ಜಗಲಿಯ ಮೇಲಿವೆ. ದನ ಬೀಳಬಾರದೆಂದರೆ ಒಂದು ಚಪ್ಪಡಿ ಎಳೆದರೆ ಸಾಕು. ಖಾಲಿ ಹಗೇವಿನ ಬಾಯಿಗೆ ಮಣ್ಣು ಕಲಸಿ ಮೆತ್ತಿ ಸಾರಿಸುವವರುಂಟೇ? ಸಬ್ ಇನ್‌ಸ್ಪೆಕ್ಟರೇ, ದಯವಿಟ್ಟು ನಿಮ್ಮ ಮೋಟಾರ್ ಸೈಕಲ್ ಸ್ವಲ್ಪ ಪಕ್ಕಕ್ಕೆ ತಗೊಳ್ಳಿ. ಅವ್ವನ ತಲೆಯ ಮೇಲೆ ನಿಲ್ಲಿಸಿದ್ದೀರಿ."

ಸಬ್ ಇನ್‌ಸ್ಪೆಕ್ಟರ ಮುಖ ಕೆಂಪಾಯಿತು. ಮಣ್ಣು ಕೆತ್ತಿ ಚಪ್ಪಡಿ ಸರಿಸಿದರು. ಮೊದಲು ಕಂದೀಲು ಇಳಿಬಿಟ್ಟೆವು. ಕೆಟ್ಟ ಗಾಳಿ ಇದ್ದರೆ ಆರುತ್ತದೆ. ಆರಲಿಲ್ಲ. ಇಳಿಯುವುದು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆಗೇ ನೋಡಿದರು. ಪೆಟ್ಟಿಗೆ ಹೊತ್ತವನ ಹಣೆಬರಹವೇ ಇಷ್ಟು. ಇಳಿದೆ. ಮೆತ್ತಗೆ ಹುಲ್ಲು ಹಾಸಿ, ಕಂಬಳಿ ಹೊದಿಸಿ, ಬಾಣಂತಿಯನ್ನು ಕೂರಿಸಿದ ಹಾಗೆ ಹೂವಿನವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕಂದೀಲ ಬೆಳಕಿಗೆ ಆ ಬರಿಗೈ ನನ್ನ ಕಡೆ ಚಾಚಿದಂತೆ ಕಂಡಿತು. ಬಂದ ಕೆಲಸ ಮರೆತು ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ.

ಹಗ್ಗ ಕಟ್ಟಿ ಮೇಲೆತ್ತಿದಾಗ ಪಟೇಲ ಹೆಂಡತಿಯ ಕಡೆ ತಿರುಗಿದ. "ಲೇ, ನಮ್ಮನೆ ಹಗೇವಿನಾಗೆ... ನೀನೇನೇ?"

ಜಯಲಕ್ಷ್ಮಮ್ಮ ಅವ್ವನ ಮೈಗೆ ಅಂಟಿದ ಹುಲ್ಲು ಕೊಡವತೊಡಗಿದರು. ಅವರ ಹಿಂದಿನಿಂದ ಊರಿಗೇ ಹಿರಿಯಳಾದ ಕರಿಯಮ್ಮ ಕೋಲೂರಿಕೊಂಡು ಮುಂದೆ ಬಂದಳು. "ಅವಳೊಬ್ಳೇ ಅಲ್ಲ ಕಣಪ್ಪಾ ಹನುಮಂತ. ನಾವೆಲ್ಲ. ಬಾಯಿ ಬಿಡಲ್ಲ ಅಂತ ಅವ್ವನ ಕೈ ಮುಟ್ಟಿ ಆಣೆ ಇಟ್ಟಿದ್ವಿ. ಈಗ ಕಂಡುಹಿಡಿದಾಯ್ತಲ್ಲ, ಮಾತಾಡ್ತೀನಿ. ರುಜು ಹಾಕೋ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ಯಾ?"

"ನಿಮ್ಮನ್ಯಾಕೆ ಕೇಳ್ಬೇಕಮ್ಮೋ? ಊರ ದೇವ್ರು."

"ದೇವ್ರಲ್ಲ ಕಣೋ, ಊರ ಹೆಣ್ಣುಮಗಳು. ಹಿಂದೆ ಕೆರೆ ಏರಿ ಒಡೀತು. ಕಟ್ಟೋಕೆ ಬಂದ ಮಣ್ಣುಕೆಲಸದೋರಿಗೆ ಕೊಡೋಕೆ ಊರಾಗೆ ಕಾಳಿಲ್ಲ. ಗಂಡಸ್ರು ಊರು ಬಿಡಾನ ಅಂತ ಗಂಟು ಕಟ್ಟಿದ್ರು. ಆಗ ಒಬ್ಬಳು ಸೊಸೆ ತವರಿಂದ ತಂದಿದ್ದ ಕಂಚಿನ ಚೊಂಬು ತಂದು ಏರಿ ಮೇಲಿಟ್ಳು. ಅವಳ ಹಿಂದೆ ಎಲ್ಲಾ ಮನೆ ಹೆಂಗಸ್ರೂ ತಣಿಗೆ, ಬಟ್ಟಲು, ಗಿಂಡಿ ತಂದು ಸುರಿದ್ರು. ಏರಿ ನಿಂತ್ಮೇಲೆ ಕೆಲಸದೋರು, 'ಅನ್ನ ಉಂಡ ತಟ್ಟೆ ನಾವು ಒಯ್ಯಲ್ಲ ತಾಯಿ' ಅಂತ ಕಂಚು ಬಿಟ್ಟೋದ್ರು. ಕೊಟ್ಟದ್ದು ವಾಪಸ್ ಮನೆಗೆ ಹೆಂಗೆ ತರೋದು? ಕರಗಿಸಿ ಅವಳನ್ನೇ ಎರಕ ಹುಯ್ಸಿದ್ರು. ನಮ್ಮನೆ ಗಿಂಡಿ ಅವಳ ತುರುಬಲ್ಲೈತೆ ಅಂತಿದ್ಲು ನಮ್ಮತ್ತೆ. ಆ ಬಲಗೈ ಐತಲ್ಲ, ಅದು ಚೊಂಬು ಹಿಡಿದಿದ್ದ ಕೈ. ಚೊಂಬು ಕೊಟ್ಬಿಟ್ಳು. ಕೊಟ್ಟ ಕೈ ಬರಿದಾಗಿರಬಾರ್ದು, ಅದಕ್ಕೇ ದಿನಾ ಒಂದು ಹೂವು."

ಮ್ಯೂಸಿಯಂ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಹೂ ಹಿಡಿಯಲೆಂದೇ ಮಾಡಿದ ಕೈ, ಹಳೆಯ ಕಂಚಿನ ದೇವಿಯರಲ್ಲಿ ಹೀಗೇ ಇರುತ್ತದೆ ಅಂತ ನಾನು ಬರೆದಿದ್ದೆ," ಎಂದರು. "ಆದರೆ ಕಿರೀಟ ಯಾಕಿಲ್ಲ ಎನ್ನುವುದು ನನಗೆ ತಿಳಿದಿರಲಿಲ್ಲ. ಅಜ್ಜಿ, ಇದಕ್ಕೆ ಆಧಾರ ಏನಾದರೂ ಉಂಟೇ?"

"ನಮಗೆ ಓದಕ್ಕೆ ಬರಲ್ಲ. ಅವಳ ಬುಡದಾಗೆ ಏನೋ ಬರೆದೈತೆ. ತೊಳೆಯುವಾಗ ಕಾಣ್ತದೆ."

ಸಾಹೇಬರು ನನಗೆ ಸನ್ನೆ ಮಾಡಿದರು. ಕಂಬಳಿಯ ಮೇಲೆ ಅವ್ವನನ್ನು ಮೆಲ್ಲಗೆ ಒರಗಿಸಿದೆವು. ನಲವತ್ತೆಂಟರಲ್ಲಿ ನಾನೇ ಎತ್ತಿದ್ದರೂ ಬುಡ ನೋಡುವ ಬುದ್ಧಿ ಇಬ್ಬರಿಗೂ ಬಂದಿರಲಿಲ್ಲ. ಮ್ಯೂಸಿಯಂ ಸಾಹೇಬರು ಮಂಡಿಯೂರಿ, ಹಳೆಯ ಅಕ್ಷರಗಳ ಮೇಲೆ ಬೆರಳಾಡಿಸುತ್ತ ನಿಧಾನಕ್ಕೆ ಓದಿದರು. ಓದಿ ನಮ್ಮ ಮಾತಿನಲ್ಲಿ ಹೇಳಿದರು. "ಊರ ಹೆಣ್ಣುಮಕ್ಕಳು ತವರಿನಿಂದ ತಂದ ಕಂಚು ಇದು. ಕೆರೆ ನಿಂತಿತು ಎಂದು ಇವಳನ್ನು ನಿಲ್ಲಿಸಿದರು. ಇಷ್ಟೇ ಇದೆ."

ಪಟೇಲ ತಲೆಯ ರುಮಾಲು ಕಳಚಿ ಕೈಯಲ್ಲಿ ಹಿಡಿದುಕೊಂಡ.

"ಪಟೇಲರೇ, ತವರಿನ ಪಾತ್ರೆ ಹೆಂಗಸಿನದು," ಎಂದರು ಮ್ಯೂಸಿಯಂ ಸಾಹೇಬರು ಎದ್ದು. "ನಿಮ್ಮ ರುಜು ಇದಕ್ಕೆ ಸಾಲದು. ಕೊಡಲು ಒಡೆಯರು ಒಪ್ಪಲಿಲ್ಲ ಎಂದು ನಾನು ಬರೆಯುತ್ತೇನೆ. ಫೋಟೋ ತೆಗೆದುಕೊಳ್ಳುತ್ತೇನೆ, ಅಕ್ಷರದ ಅಚ್ಚು ತೆಗೆದುಕೊಳ್ಳುತ್ತೇನೆ. ಅಜ್ಜಿ ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಅಷ್ಟು ಸಾಕು."

"ಕಳುವೇ ಆಗಿಲ್ಲವೆಂದ ಮೇಲೆ ಕೇಸೂ ಇಲ್ಲ," ಎಂದರು ಸಬ್ ಇನ್‌ಸ್ಪೆಕ್ಟರು. ರಂಗಯ್ಯನ ಕಡೆ ತಿರುಗಿ, "ತಪ್ಪಾಯಿತು ಹಿರಿಯರೇ," ಎಂದು ಕೈ ಮುಗಿದರು. ಅವಸರದವರಾದರೂ ಒಳ್ಳೆಯವರು.

"ಆದರೆ ಆ ದೀಪ?" ಎಂದು ಮರುಗಳಿಗೆ ಕೇಳಿದರು. "ಅದೊಂದು ನನಗೆ ತಿಳಿಯಲಿಲ್ಲ."

ಸಾಹೇಬರು ರಂಗಯ್ಯನನ್ನೇ ನೋಡಿದರು. ರಂಗಯ್ಯ ಗಂಟಲು ಸರಿಮಾಡಿಕೊಂಡ.

"ಯುಗಾದಿ ಹಿಂದಿನ ದಿನ ಗುಡೀಗೆ ಹೋಗಂಗಿಲ್ಲ, ದಿಟ. ಆದ್ರೆ ಸಂಜೆ ಪೀಠದ ಸಂದೀಲಿ ನಾಲ್ಕು ರಾಗಿ ಕಾಳು ಉಳಿದಿರ್ತಾವೆ. ನಲವತ್ತು ವರ್ಸದಿಂದ ನೋಡ್ತಿದೀನಿ. ಶನಿವಾರ ಹಿಡಿ ರಾಗಿ ಕಂಡ ಕೂಡ್ಲೇ ಗೊತ್ತಾಯ್ತು, ಅವ್ವ ಎಲ್ಲೂ ಹೋಗಿಲ್ಲ, ವಾಪಸ್ ಬತ್ತಾಳೆ ಅಂತ. ಪೀಠ ಬರಿದಲ್ಲ ಅಂದ್ಮೇಲೆ ದೀಪ ಹಚ್ಬೇಕಲ್ಲ, ಹಚ್ಚಿದೆ. ಆಮೇಲೆ ಕೂಗಿದೆ. ಕೂಗ್ದೇ ಇದ್ರೆ ನಾನ್ಯಾಕೆ ಗಾಬರಿಯಾಗ್ಲಿಲ್ಲ ಅಂತ ಕೇಳೋರು, ಅನುಮಾನ ಹೆಂಗಸ್ರ ಮೇಲೆ ಬತ್ತಿತ್ತು."

"ಗೊತ್ತಿದ್ದೂ ಎರಡು ದಿನ ಹೀಗೆ ಕೂತಿದ್ದಿರಾ? ಬೇಡಿ ಹಾಕುವುದಿತ್ತಲ್ರೀ!" ಎಂದರು ಸಬ್ ಇನ್‌ಸ್ಪೆಕ್ಟರು.

ರಂಗಯ್ಯ ಮಗಳ ಕಡೆ ನೋಡಿದ. ಅಲ್ಲಿಯವರೆಗೂ ಅಳು ತಡೆದುಕೊಂಡಿದ್ದ ವಿಶಾಲಾಕ್ಷಮ್ಮ ಜೋರಾಗಿ ಅತ್ತುಬಿಟ್ಟಳು. ಆಗ ನನ್ನ ದಡ್ಡ ಮೂಗಿಗೆ ನೆನಪು ಬಂತು, ಕಡೂರಿನ ಜಗಲಿಯ ಮೇಲೆ ಅವಳ ಸೀರೆಯಿಂದ ಬಂದಿದ್ದು ಬಡತನದ ವಾಸನೆಯಲ್ಲ, ಹಗೇವಿನದು. ಕಂಬಳಿಯ ಒಂದು ಮೂಲೆ ಹಿಡಿದಿದ್ದವಳು ಅವಳೇ. ಆಣೆ ಮುರಿದು ಹೇಳುವಂತಿರಲಿಲ್ಲ, ಹೇಳದಿದ್ದರೆ ಅಪ್ಪ ಜೈಲಿಗೆ. ಅದಕ್ಕೇ ಕಂಡುಹಿಡಿಯುವವರನ್ನು ಹುಡುಕಿಕೊಂಡು ಕಡೂರಿಗೆ ಬಂದಿದ್ದಳು. ಎಲ್ಲವನ್ನೂ ಬಿಡಿಸಿ ಹೇಳಿದ ನಮ್ಮ ಸಾಹೇಬರು ಅಷ್ಟು ಜನರ ಮುಂದೆ ಈ ಒಂದು ಮಾತನ್ನು ಮಾತ್ರ ಎತ್ತಲಿಲ್ಲ.

"ಅಪ್ಪಾ, ಬೀಗದಕೈ ತಗಂಡಾಗ ಒಳಗೆ ಇಣುಕ್ಲಿಲ್ಲ, ನೀನೂ ಕೆಲಸಕ್ಕೆ ಹೋಗಿರ್ತೀಯ ಅಂದ್ಕೊಂಡಿದ್ದೆ," ಎಂದಳು ಅವಳು ಬಿಕ್ಕುತ್ತ. "ಊರಾಗೆ ಗಂಡಸ್ರೇ ಇಲ್ಲ ಅಂದ್ರೆ ಯಾರ ಮೇಲೂ ಬರಲ್ಲ ಅಂತ... ನಿನ್ನ ಮೇಲೆ ಬಂತಲ್ಲಪ್ಪಾ."

"ನೀನು ನಿನ್ನೆ ಬೆಳಿಗ್ಗೆ ಹೇಳ್ದೆ ಕೇಳ್ದೆ ಹೋದೆಯಲ್ಲ ಕಣವ್ವಾ, ಅದಕ್ಕೇ ನನಗೆ ಬೇಜಾರು," ಎಂದ ರಂಗಯ್ಯ. "ಬುತ್ತಿ ಕೂಡ ಒಯ್ಲಿಲ್ಲ."

ಹೊರಡುವ ಮೊದಲು ಸಾಹೇಬರು ಅವ್ವನನ್ನು ಇನ್ನೊಮ್ಮೆ ತೂಗಿಸಿದರು. ಪಟೇಲನ ಮನೆಯ ದೊಡ್ಡ ತಕ್ಕಡಿಗೆ ನಮ್ಮ ಪೆಟ್ಟಿಗೆಯ ಹಳೇ ತೂಕಗಳನ್ನೇ ಹಾಕಿದೆ. ಮೂರು ಮಣ ಎರಡು ಸೇರು, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಆಮೇಲೆ ನಾಲ್ವರು ಹೆಂಗಸರು ಕಂಬಳಿಯ ನಾಲ್ಕು ಮೂಲೆ ಹಿಡಿದು ಅವಳನ್ನು ಗುಡಿಗೆ ಒಯ್ದರು. ಈ ಸಲ ಗಂಡಸರು ನೋಡುತ್ತ ನಿಂತಿದ್ದರು, ಯಾರೂ ಬೇಡವೆನ್ನಲಿಲ್ಲ. ಪಟೇಲ ಹನುಮಂತಪ್ಪ ತಾನೇ ಮುಂದೆ ಹೋಗಿ ದಾರಿಗೆ ಅಡ್ಡ ಬಂದ ಎಮ್ಮೆಯನ್ನು ಓಡಿಸಿದ.

ರಂಗಯ್ಯ ಪೀಠದ ಮೇಲಿನ ರಾಗಿಯನ್ನು ಪಂಚೆಯ ತುದಿಗೆ ಬಳಿದುಕೊಂಡ. ಬಟ್ಟಲಿನಲ್ಲಿದ್ದ ಸೇವಂತಿಗೆ ಎರಡು ದಿನವಾದರೂ ಬಾಡಿರಲಿಲ್ಲ. ಅದನ್ನು ಅವನು ಎತ್ತಲಿಲ್ಲ, ಮಗಳಿಗೆ ತೋರಿಸಿದ. ಅವಳು ಹೂ ತೆಗೆದು, ನೀರು ಕೊಡವಿ, ಅವ್ವನ ಕೈಗೆ ಸಿಕ್ಕಿಸಿದಳು. ರಂಗಯ್ಯ ಗುಡಿಯ ಬೀಗದಕೈಯನ್ನು ಮೊಳೆಗೆ ಹಾಕಲು ಮನೆಯ ಕಡೆ ನಾಲ್ಕು ಹೆಜ್ಜೆ ಹೋದವನು, ನಿಂತು ತಿರುಗಿ ಬಂದು ಅವಳ ಕೈಯಲ್ಲಿಟ್ಟ.

"ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ ಕಣವ್ವಾ," ಎಂದ.